ಅಪ್ಪ ಅಮ್ಮನ ಜೊತೆ ಸಿಂಗಪುರದಿಂದ ಕ್ರೂಸ್: ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಬೇಕಾ?

ಆಲ್ದೂರು ತೋಟ

ಎಲ್ಲರಿಗೂ ನಮಸ್ಕಾರ. ಕೊಯ್ಲು ಮುಗಿದು, ಕಾಫಿ ಮಾರಿ, ಈ ಸಲ ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿದೆ. ದೊಡ್ಡ ಹಡಗಿನಲ್ಲಿ ಒಮ್ಮೆ ಹೋಗಿಬರಬೇಕು ಅನ್ನುವುದು ಅಪ್ಪನಿಗೆ ಬಹಳ ವರ್ಷದ ಆಸೆ. ಮೇ ಕೊನೆಯಲ್ಲಿ ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ನೋಡಿದ್ದೇವೆ. ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್. ಅಪ್ಪ, ಅಮ್ಮ, ನಾನು, ಹೆಂಡತಿ, ಒಟ್ಟು ನಾಲ್ಕು ಜನ. ಚಿಕ್ಕಮಗಳೂರಿನ ಏಜೆಂಟ್‌ಗೆ ಮುಂಗಡ ಕೊಟ್ಟು ನಾಲ್ಕು ದಿನ ಆಯಿತು.

ಈಗ ಅವರು ಇನ್ಶೂರೆನ್ಸ್ ಸೇರಿಸಲಾ ಅಂತ ಕೇಳುತ್ತಿದ್ದಾರೆ. ಅಪ್ಪನಿಗೆ 69 ವರ್ಷ. ಬಿಪಿ ಇದೆ, ಶುಗರ್ ಇದೆ, ಕೆಲವು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ. ಅಮ್ಮನಿಗೆ 63, ಮಂಡಿ ನೋವು ಬಿಟ್ಟರೆ ಗಟ್ಟಿಯಾಗಿದ್ದಾರೆ. ಮನೆಯವರಿಗೆಲ್ಲ ಆರೋಗ್ಯ ವಿಮೆ ಮೊದಲೇ ಇದೆ. "ಅದಿರುವಾಗ ಇದೊಂದು ಯಾಕೆ? ಐದು ದಿನಕ್ಕೆ ಏನಾಗುತ್ತದೆ?" ಅನ್ನುವುದು ಅಪ್ಪನ ಪ್ರಶ್ನೆ. ನನಗೂ ಉತ್ತರ ಗೊತ್ತಿಲ್ಲ. ಹೋಗಿಬಂದವರು, ಈ ವ್ಯವಹಾರ ತಿಳಿದವರು ಹೇಳಿ.

ಕಡೂರು ತೆಂಗಿನಮರ

ನನ್ನ ಕೇಳಿದರೆ ಬೇಡ. ನಾವು ಗೆಳೆಯರೆಲ್ಲ ಸೇರಿ ಮುಂಬೈನಿಂದ ಗೋವಾಕ್ಕೆ ಕಾರ್ಡೀಲಿಯಾ ಹಡಗಿನಲ್ಲಿ ಹೋಗಿದ್ದೆವು. ಯಾರೂ ವಿಮೆ ಮಾಡಿಸಿರಲಿಲ್ಲ. ಚೆನ್ನಾಗಿ ಉಂಡು, ಚೆನ್ನಾಗಿ ತಿರುಗಿ ಬಂದೆವು. ಏಜೆಂಟ್‌ಗಳಿಗೆ ಇದರಲ್ಲಿ ಕಮಿಷನ್ ಇರುತ್ತದೆ, ಅದಕ್ಕೇ ಅಷ್ಟು ಒತ್ತಾಯ. ಆ ದುಡ್ಡನ್ನು ಸಮುದ್ರ ಕಾಣುವ ಒಳ್ಳೆಯ ರೂಮಿಗೆ ಹಾಕಿ. ಅಪ್ಪನಿಗೆ ಅದೇ ಜಾಸ್ತಿ ಖುಷಿ ಕೊಡುತ್ತದೆ.

ಹಾಸನ ನಿವೃತ್ತ

ನಾನು ಜನರಲ್ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಯಾವ ಪಾಲಿಸಿಯನ್ನೂ ಮಾರುವುದಿಲ್ಲ, ಹಾಗಾಗಿ ಧೈರ್ಯವಾಗಿ ಕೇಳಿ.

ಮೊದಲು ನಿಮ್ಮ ಅಪ್ಪನ ಪ್ರಶ್ನೆ. ನಮ್ಮ ಸಾಮಾನ್ಯ ಆರೋಗ್ಯ ವಿಮೆ ಭಾರತದ ಒಳಗಿನ ಚಿಕಿತ್ಸೆಗೆ ಮಾತ್ರ. ವಿದೇಶದ ಖರ್ಚು ಕೊಡುವ ಪಾಲಿಸಿಗಳು ಕೆಲವಿವೆ, ಆದರೆ ಅವು ಬೇರೆ, ಪ್ರೀಮಿಯಂ ಕೂಡ ಬೇರೆ. ನಿಮ್ಮ ಪಾಲಿಸಿ ಪತ್ರ ತೆಗೆದು ನೋಡಿ. ವಿದೇಶ ಅನ್ನುವ ಮಾತೇ ಇಲ್ಲದಿದ್ದರೆ ಫುಕೆಟ್ ಆಸ್ಪತ್ರೆಯಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ.

ಕಡೂರಿನವರು ಹೇಳಿದ್ದು ಅವರ ಪ್ರವಾಸಕ್ಕೆ ಸರಿ. ಮುಂಬೈ–ಗೋವಾ ಅಂದರೆ ಎರಡು ರಾತ್ರಿ, ಇಳಿದ ಕೂಡಲೇ ಭಾರತದ ನೆಲ, ಅಲ್ಲಿನ ಆಸ್ಪತ್ರೆಯಲ್ಲಿ ನಮ್ಮ ಆರೋಗ್ಯ ವಿಮೆಯ ಕಾರ್ಡೇ ನಡೆಯುತ್ತದೆ. ಆದರೆ ಒಂದು ವಿಷಯ ಅವರಿಗೂ ತಿಳಿದಿರಲಿ. ನಮ್ಮ ಪಾಲಿಸಿಗಳಲ್ಲಿ ಆಸ್ಪತ್ರೆ ಅಂದರೆ ಏನು ಅಂತ ಬರೆದಿರುತ್ತದೆ. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ, ದೊಡ್ಡ ಊರಿನಲ್ಲಿ 15, ದಿನದ 24 ಗಂಟೆಯೂ ನರ್ಸ್ ಮತ್ತು ಡಾಕ್ಟರ್, ಸ್ವಂತ ಆಪರೇಷನ್ ಥಿಯೇಟರ್. ಹಡಗಿನ ದವಾಖಾನೆ ಈ ಲೆಕ್ಕಕ್ಕೆ ಸೇರುವುದು ಕಷ್ಟ. ಅದಕ್ಕೇ ಟ್ರಾವೆಲ್ ಪಾಲಿಸಿ ಕೊಳ್ಳುವಾಗಲೂ "ಹಡಗಿನ ದವಾಖಾನೆಯ ಬಿಲ್ ಕೊಡುತ್ತೀರಾ?" ಅಂತ ಕಂಪನಿಗೆ ಇಮೇಲ್ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ. ಕ್ರೂಸ್‌ಗೆ ಹೋಗುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ವಿಮಾನದಲ್ಲಿ ಹೋಗಿಬರುವವರಿಗೆ ಮಾಡಿದ ಪಾಲಿಸಿಯನ್ನೇ ಹಡಗಿನವರಿಗೂ ಕೊಟ್ಟುಬಿಡುತ್ತಾರೆ.

ನಿಮ್ಮ ಅಪ್ಪನ ಸ್ಟೆಂಟ್ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಕಾಳಜಿ. ಮೊದಲೇ ಇದ್ದ ಕಾಯಿಲೆ ಅಂತ ಒಂದು ಷರತ್ತು ಇದೆ. ಕೆಲವು ಪಾಲಿಸಿ ಅದನ್ನು ಪೂರ್ತಿ ಹೊರಗಿಡುತ್ತವೆ. ಕೆಲವು ಪ್ರಾಣಾಪಾಯ ಬಂದರೆ ಮಾತ್ರ, ಸ್ಥಿತಿ ಸ್ಥಿರವಾಗುವವರೆಗೆ ಮಾತ್ರ, ಒಂದು ಮಿತಿಯ ಒಳಗೆ ಕೊಡುತ್ತವೆ. ಹೆಚ್ಚು ಪ್ರೀಮಿಯಂ ಕೊಟ್ಟರೆ ಇನ್ನೂ ಚೆನ್ನಾಗಿ ಕೊಡುವವೂ ಇವೆ. ನಿಮಗೆ ಬೇಕಾಗಿರುವುದು ಈ ಕೊನೆಯ ಜಾತಿಯದು. ಅಗ್ಗದ್ದು ಬೇಡ.

ಫಾರಂ ನೀವೇ ತುಂಬಿ. ಏಜೆಂಟ್ ತುಂಬಿದರೆ "ಯಾವುದಾದರೂ ಕಾಯಿಲೆ ಇದೆಯಾ?" ಅನ್ನುವ ಕಡೆ ಬೇಗ ಮುಗಿಯಲಿ ಅಂತ ಇಲ್ಲ ಅಂತ ಒತ್ತಿಬಿಡುವ ಸಾಧ್ಯತೆ ಇದೆ. ಕ್ಲೇಮ್ ಬಿದ್ದುಹೋಗುವುದು ಅಲ್ಲೇ. ಬಿಪಿ, ಶುಗರ್, ಸ್ಟೆಂಟ್, ನುಂಗುವ ಮಾತ್ರೆ, ಎಲ್ಲ ಬರೆಯಿರಿ. ಪ್ರೀಮಿಯಂ ಸ್ವಲ್ಪ ಏರಿದರೆ ಏರಲಿ.

ಹಾಸನ ಸಿಸ್ಟರ್

ನಾನು ನರ್ಸ್. ಐಸಿಯುದಲ್ಲಿ ಕೆಲಸ. ಹಡಗಿನಲ್ಲಿ ಡಾಕ್ಟರ್ ಇರುತ್ತಾರಲ್ಲ ಅಂತ ಬಹಳ ಜನ ಧೈರ್ಯ ಹೇಳುತ್ತಾರೆ. ಇರುತ್ತಾರೆ, ನಿಜ. ದೊಡ್ಡ ಹಡಗುಗಳಲ್ಲಿ ಇಸಿಜಿ, ಎಕ್ಸ್‌ರೇ, ರಕ್ತ ಪರೀಕ್ಷೆ, ವೆಂಟಿಲೇಟರ್ ಇರುತ್ತವೆ. ಹೃದಯಾಘಾತವಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಆದರೆ ಆಂಜಿಯೋಪ್ಲಾಸ್ಟಿ ಅಲ್ಲಿ ಆಗುವುದಿಲ್ಲ. ರೋಗಿಯನ್ನು ಸ್ಥಿರ ಮಾಡಿ ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ.

ಇಳಿಸಿದ ಮೇಲಿನದ್ದು ಯೋಚಿಸಿ. ಅಪ್ಪನ ಜೊತೆ ಒಬ್ಬರು ಇಳಿಯಲೇಬೇಕು. ಗುರುತು ಪರಿಚಯ ಇಲ್ಲದ ಊರು, ಭಾಷೆ ಬೇರೆ. ಖಾಸಗಿ ಆಸ್ಪತ್ರೆಯವರು ಮೊದಲು ಡೆಪಾಸಿಟ್ ಅಥವಾ ವಿಮಾ ಕಂಪನಿಯ ಗ್ಯಾರಂಟಿ ಪತ್ರ ಕೇಳುತ್ತಾರೆ. ಉಳಿದವರಿಗೆ ಹೋಟೆಲ್, ಹೊಸ ವಿಮಾನ ಟಿಕೆಟ್. ಸ್ಟ್ರೆಚರ್ ಹಾಕಿ ವಿಮಾನದಲ್ಲಿ ಕರೆತರಬೇಕಾದರೆ ಒಬ್ಬ ಪ್ರಯಾಣಿಕನಿಗೆ ಹಲವು ಸೀಟಿನ ಜಾಗ ಬೇಕು. ಏರ್ ಆಂಬುಲೆನ್ಸ್ ಅಂದರೆ ಹತ್ತಾರು ಲಕ್ಷದ ಮಾತು. ತೋಟದ ಒಂದು ವರ್ಷದ ಲಾಭ ಒಂದು ವಾರದಲ್ಲಿ ಹೋಗಬಹುದು.

ಹಾಗಾಗಿ ಟಿಕೆಟ್ ದುಡ್ಡು ಹೋಗುತ್ತದಾ ಅನ್ನುವುದಕ್ಕಿಂತ ಆಸ್ಪತ್ರೆ ಮತ್ತು ಮನೆಗೆ ಕರೆತರುವ ಖರ್ಚನ್ನು ಮೊದಲು ನೋಡಿ. ಟಿಕೆಟ್ ದುಡ್ಡು ಹೋದರೆ ಬೇಜಾರಾಗುತ್ತದೆ ಅಷ್ಟೆ. ಆಸ್ಪತ್ರೆ ಖರ್ಚು ಸಾಲಕ್ಕೆ ತಳ್ಳುತ್ತದೆ.

ಸಕಲೇಶಪುರ ಏಲಕ್ಕಿ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿ ಬಂದವನು. ಹಡಗಿನಲ್ಲಿ ಕೈಗೆ ಒಂದು ಕಾರ್ಡ್ ಕೊಡುತ್ತಾರೆ. ರೂಮಿನ ಬೀಗ, ಜ್ಯೂಸ್, ಅಂಗಡಿ, ಎಲ್ಲಕ್ಕೂ ಅದೇ. ದವಾಖಾನೆಯ ಬಿಲ್ ಕೂಡ ಅದೇ ಖಾತೆಗೆ ಡಾಲರ್‌ನಲ್ಲೋ ಆ ಹಡಗಿನ ಹಣದಲ್ಲೋ ಬೀಳುತ್ತದೆ. ವಿಮೆ ಇದ್ದರೂ ಅಲ್ಲಿ ಮೊದಲು ನೀವೇ ಕಟ್ಟಬೇಕು, ಊರಿಗೆ ಬಂದು ಕ್ಲೇಮ್ ಮಾಡಬೇಕು. ಆದ್ದರಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಮಿತಿ ಉಳಿಸಿಕೊಂಡು ಹೋಗಿ.

ಸಣ್ಣಪುಟ್ಟದಕ್ಕೆ ವಿಮೆ ನಂಬಬೇಡಿ. ಪಾಲಿಸಿಗಳಲ್ಲಿ ಮೊದಲ 50 ಅಥವಾ 100 ಡಾಲರ್ ನಮ್ಮದೇ ಅಂತ ಇರುತ್ತದೆ. ವಾಂತಿ, ತಲೆಸುತ್ತು, ಹೊಟ್ಟೆ ಕೆಟ್ಟಿದ್ದು ಅದರೊಳಗೇ ಮುಗಿಯಬಹುದು. ಅದಕ್ಕೆ ಮಾತ್ರೆ ನಮ್ಮೂರಿನಿಂದಲೇ ತೆಗೆದುಕೊಂಡು ಹೋಗಿ.

ಇನ್ನೊಂದು. ಗಾಳಿ ಮಳೆ ಜೋರಾದರೆ ಕ್ಯಾಪ್ಟನ್ ಒಂದು ಬಂದರನ್ನೇ ಬಿಟ್ಟು ಮುಂದೆ ಹೋಗಬಹುದು. ಟಿಕೆಟ್ ಕರಾರಿನಲ್ಲಿ ಅದಕ್ಕೆ ಅವರಿಗೆ ಹಕ್ಕಿದೆ. ಬಂದರಿನ ಶುಲ್ಕ ವಾಪಸ್ ಬರಬಹುದು, ಅಷ್ಟೆ. ಮೇ ಕೊನೆ ಅಂದರೆ ಫುಕೆಟ್ ಕಡೆ ಮಳೆಗಾಲ. ಪಶ್ಚಿಮದ ಗಾಳಿಗೆ ಅಲ್ಲಿ ಅಲೆ ಏಳುತ್ತದೆ. ಫುಕೆಟ್ ನೋಡಲೇಬೇಕು ಅನ್ನುವ ಆಸೆ ಅಮ್ಮನಿಗೆ ಇದ್ದರೆ ಮೊದಲೇ ಹೇಳಿಡಿ.

ಆಲ್ದೂರು ತೋಟ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಸ್ಟ್ರೆಚರ್ ಮಾತು ಕೇಳಿ ಸುಮ್ಮನಾದರು.

ಇನ್ನೂ ಎರಡು ವಿಷಯ ಕೇಳಬೇಕು. ಬೆಂಗಳೂರಿನಿಂದ ರಾತ್ರಿ ವಿಮಾನ, ಬೆಳಗ್ಗೆ ಸಿಂಗಪುರ, ಅದೇ ದಿನ ಸಂಜೆ ಹಡಗು ಅಂತ ಏಜೆಂಟ್ ಹೇಳಿದ್ದಾರೆ. ವಿಮಾನ ತಡವಾದರೆ ವಿಮೆ ಕೊಡುತ್ತದಾ? ಎರಡನೆಯದು ಮನಸ್ಸಿಗೆ ಹತ್ತಿರದ್ದು. ಮನೆಯಲ್ಲಿ ಅಜ್ಜಿ ಇದ್ದಾರೆ, 90 ಆಗುತ್ತಾ ಬಂತು. ಅತ್ತೆ ಬಂದು ನೋಡಿಕೊಳ್ಳುತ್ತಾರೆ. ಹೊರಡುವ ಮುಂಚೆ ಅಜ್ಜಿಗೆ ಏನಾದರೂ ಆದರೆ ನಾವು ಹೋಗುವುದಿಲ್ಲ. ಆಗ ಕಟ್ಟಿದ ದುಡ್ಡಿನ ಗತಿ ಏನು?

ಮೂಡಿಗೆರೆ ಮಳೆ

ವಿಮಾನದ ವಿಷಯ ನಾನು ಹೇಳುತ್ತೇನೆ. ದಯವಿಟ್ಟು ಒಂದು ದಿನ ಮುಂಚೆ ಸಿಂಗಪುರ ಸೇರಿಕೊಳ್ಳಿ. ಹಡಗು ಯಾರಿಗೂ ಕಾಯುವುದಿಲ್ಲ. ಹೊರಡುವ ಹೊತ್ತಿಗೆ ಒಂದು ಗಂಟೆಗೂ ಮುಂಚೆ ಚೆಕ್ ಇನ್ ಬಾಗಿಲು ಹಾಕುತ್ತಾರೆ. ತಪ್ಪಿಸಿಕೊಂಡರೆ ಪೆನಾಂಗ್‌ಗೆ ವಿಮಾನದಲ್ಲಿ ಹೋಗಿ ಹತ್ತಿಕೊಳ್ಳೋಣ ಅಂದುಕೊಳ್ಳಬೇಡಿ. ಕ್ರೂಸ್ ಕಂಪನಿ ಒಪ್ಪಬೇಕು, ಆ ದೇಶದ ವಲಸೆ ನಿಯಮ ಒಪ್ಪಬೇಕು. ವಯಸ್ಸಾದವರನ್ನು ಕಟ್ಟಿಕೊಂಡು ಆ ಓಡಾಟ ಬೇಡವೇ ಬೇಡ. ಒಂದು ರಾತ್ರಿಯ ಹೋಟೆಲ್ ಖರ್ಚು ಎಷ್ಟೇ ಇರಲಿ, ಅದು ಎಲ್ಲ ವಿಮೆಗಿಂತ ಒಳ್ಳೆಯ ವಿಮೆ.

ನಮ್ಮ ಕಡೆಯವರು ಗಮನಿಸಬೇಕಾದ್ದು ಬೇರೆ ಇದೆ. ಮುಂದೆ ಹತ್ತಬೇಕಾದ ವಿಮಾನವೋ ಹಡಗೋ ತಪ್ಪಿದರೆ ಕೊಡುತ್ತೇವೆ ಅಂತ ಪಾಲಿಸಿಯಲ್ಲಿ ಇರುವುದು ಸಾಮಾನ್ಯವಾಗಿ ವಿಮಾನದಂತಹ ಸಾರ್ವಜನಿಕ ವಾಹನ ತಡವಾದರೆ. ನಮ್ಮ ಕಾರು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಅಲ್ಲ. ಮೇ ಕೊನೆಗೆ ಮುಂಗಾರು ಪೂರ್ವದ ಗಾಳಿ ಮಳೆ ಇರುತ್ತದೆ. ಆಲ್ದೂರು ರಸ್ತೆಯಲ್ಲಿ ಒಂದು ಸಿಲ್ವರ್ ಓಕ್ ಅಡ್ಡ ಬಿದ್ದರೆ ಎಷ್ಟು ಹೊತ್ತು ನಿಲ್ಲಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರು ವಿಮಾನ ನಿಲ್ದಾಣ ಊರಿನ ಆ ತುದಿಯಲ್ಲಿದೆ, ಬೇಲೂರು, ಹಾಸನ ದಾಟಿ ನೆಲಮಂಗಲ ಸೇರಿದ ಮೇಲೂ ದಾರಿ ಮುಗಿಯುವುದಿಲ್ಲ. ಮಂಗಳೂರಿನಿಂದ ಹಾರುವವರು ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ನಂಬಿ ಕೂರಬೇಡಿ. ಗುಡ್ಡ ಜರಿದರೆ ಘಾಟಿ ಬಂದ್, ಅದಕ್ಕೆ ಯಾವ ಪಾಲಿಸಿಯೂ ನಿಮ್ಮ ಹಡಗನ್ನು ನಿಲ್ಲಿಸುವುದಿಲ್ಲ.

ಹಾಸನ ನಿವೃತ್ತ

ಅಜ್ಜಿಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಪ್ರವಾಸ ರದ್ದು ಅನ್ನುವ ಭಾಗ ನಮ್ಮ ದೇಶದ ಪಾಲಿಸಿಗಳಲ್ಲಿ ಬಹಳ ಬಿಗಿ. ಯಾವ ಕಾರಣಕ್ಕೆ ಕೊಡುತ್ತೇವೆ ಅಂತ ಪಟ್ಟಿ ಇರುತ್ತದೆ. ಪ್ರಯಾಣಿಕರಿಗೆ ಅಥವಾ ಹತ್ತಿರದ ಕುಟುಂಬದವರಿಗೆ ಸಾವು, ಗಂಭೀರ ಕಾಯಿಲೆ, ಆಸ್ಪತ್ರೆ ವಾಸ, ಹೀಗೆ. ಮನಸ್ಸು ಬದಲಾಯಿತು, ತೋಟದಲ್ಲಿ ಆಳು ಸಿಗಲಿಲ್ಲ, ಹೂ ಮಳೆ ಬಂತು ಗೊಬ್ಬರ ಹಾಕಬೇಕು, ಇವಕ್ಕೆಲ್ಲ ದುಡ್ಡು ಬರುವುದಿಲ್ಲ.

ಹತ್ತಿರದ ಕುಟುಂಬ ಅಂದರೆ ಯಾರು ಅನ್ನುವುದು ಒಂದೊಂದು ಪಾಲಿಸಿಯಲ್ಲಿ ಒಂದೊಂದು ಥರ. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು ಎಲ್ಲದರಲ್ಲೂ ಇರುತ್ತಾರೆ. ಅಜ್ಜಿ ಕೆಲವದರಲ್ಲಿ ಇರುವುದಿಲ್ಲ. ಆದರೆ ನೋಡಿ, ನಿಮ್ಮ ಅಪ್ಪನಿಗೆ ಅವರು ತಾಯಿ. ಅಪ್ಪನ ಮಟ್ಟಿಗೆ ಕ್ಲೇಮ್ ನಿಲ್ಲಬಹುದು, ನಿಮ್ಮ ಹೆಂಡತಿಯ ಮಟ್ಟಿಗೆ ಬೀಳಬಹುದು. ನಾಲ್ವರಿಗೂ ಒಂದೇ ನಿಯಮ ಅಂತ ಅಂದುಕೊಳ್ಳಬೇಡಿ. ಅಜ್ಜಿಗೆ ಈಗಾಗಲೇ ಇರುವ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದರೆ ಅದನ್ನೂ ಹೊರಗಿಡುವ ಪಾಲಿಸಿ ಇವೆ. ಆ ಒಂದು ಪುಟವನ್ನು ಕೂತು ಓದಿ.

ಕೊಳ್ಳುವ ದಿನವೂ ಮುಖ್ಯ. ಆಸ್ಪತ್ರೆ ಖರ್ಚಿನ ರಕ್ಷಣೆ ನೀವು ದೇಶ ಬಿಟ್ಟ ಮೇಲೆ ಶುರು. ರದ್ದತಿಯ ರಕ್ಷಣೆ ಪಾಲಿಸಿ ಕೊಂಡ ದಿನದಿಂದಲೇ ಶುರು. ಟಿಕೆಟ್ ರದ್ದು ಮಾಡಿದರೆ ಕ್ರೂಸ್ ಕಂಪನಿಗಳು ಹಾಕುವ ದಂಡ ಹಡಗಿನ ದಿನ ಹತ್ತಿರ ಬಂದಷ್ಟೂ ಏರುತ್ತಾ ಹೋಗಿ, ಕೊನೆಯ ದಿನಗಳಲ್ಲಿ ಪೂರ್ತಿ ದುಡ್ಡೇ ಹೋಗುತ್ತದೆ. ಮುಂಗಡ ಕಟ್ಟಿದ ವಾರದಲ್ಲೇ ಪಾಲಿಸಿ ಮಾಡಿದರೆ ಅಷ್ಟೂ ದಿನ ಲಾಭ. ಹೊರಡುವ ಹಿಂದಿನ ದಿನ ಮಾಡುವುದು, ಮಳೆ ಬಂದ ಮೇಲೆ ಕಣದ ಕಾಫಿಗೆ ಟಾರ್ಪಾಲ್ ಹುಡುಕಿದ ಹಾಗೆ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡರೂ ಆ ಚಂಡಮಾರುತಕ್ಕೆ ಕೊಡುವುದಿಲ್ಲ.

ಚಿಕ್ಕಮಗಳೂರು ಟೌನ್

ನಾವು ಯುರೋಪಿನ ಮೆಡಿಟರೇನಿಯನ್ ಕ್ರೂಸ್‌ಗೆ ಹೋಗಿದ್ದೆವು. ಅಲ್ಲಿ ವಿಮೆ ಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಇಲ್ಲ. ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ಊರಿಗೆ ವಾಪಸ್ ಕರೆತರುವ ಖರ್ಚೂ ಅದರಲ್ಲಿ ಇರಬೇಕು. ಹಡಗು ನಡುವೆ ಟರ್ಕಿಗೆ ಹೋಗಿ ವಾಪಸ್ ಗ್ರೀಸ್‌ಗೆ ಬರುವುದಾದರೆ ಒಮ್ಮೆ ಮಾತ್ರ ಒಳಗೆ ಬಿಡುವ ವೀಸಾ ಸಾಲದು, ಹಲವು ಸಲ ಪ್ರವೇಶದ್ದು ಬೇಕು. ಪಾಲಿಸಿಯಲ್ಲೂ ಹಾಗೇ. ಹಡಗು ಮುಟ್ಟುವ ಎಲ್ಲ ದೇಶವೂ ಬರುವಂತೆ ನೋಡಬೇಕು. ಅಲಾಸ್ಕಾ, ಕೆರಿಬಿಯನ್‌ಗೆ ಹೋಗುವವರು ಅಮೆರಿಕ ಸೇರಿಸಿದ ಪಾಲಿಸಿಯನ್ನೇ ತೆಗೆದುಕೊಳ್ಳಿ, ಅಲ್ಲಿ ಆಸ್ಪತ್ರೆ ಖರ್ಚು ಬೇರೆಯೇ ಲೆಕ್ಕ.

ನನ್ನ ಕ್ರೆಡಿಟ್ ಕಾರ್ಡ್‌ನಲ್ಲಿ ಉಚಿತ ವಿಮೆ ಅಂತ ಬರೆದಿದೆ. ಅದು ಸಾಕಾಗುತ್ತದಾ ಅಂತ ಯಾರಾದರೂ ಹೇಳಿ, ಮುಂದಿನ ಸಲಕ್ಕೆ.

ಹಾಸನ ನಿವೃತ್ತ

ಕಾರ್ಡ್‌ನ ಉಚಿತ ವಿಮೆ ಹೆಚ್ಚಾಗಿ ವಿಮಾನ ಅಪಘಾತದ ಸಾವಿಗೆ. ಕೆಲವು ದುಬಾರಿ ಕಾರ್ಡ್‌ಗಳಲ್ಲಿ ವಿದೇಶದ ಆಸ್ಪತ್ರೆ ಖರ್ಚು ಇರುತ್ತದೆ, ಆದರೆ ಕಾರ್ಡ್ ಇರುವವರಿಗೆ ಮಾತ್ರ. ತಂದೆ ತಾಯಿಗೆ ಅದು ನೆರಳು ಕೊಡುವುದಿಲ್ಲ.

ಕಡೂರು ತೆಂಗಿನಮರ

ಎಲ್ಲ ಓದಿದೆ. ಗೋವಾ ಮಟ್ಟಿಗೆ ನನ್ನ ಮಾತು ಹಾಗೇ ಇದೆ, ಗಟ್ಟಿಮುಟ್ಟಾದವರು ಎರಡು ರಾತ್ರಿಗೆ ಹೋಗುವುದಾದರೆ ಬೇಡ. ಆದರೆ 69 ವರ್ಷ, ಸ್ಟೆಂಟ್, ಹೊರದೇಶ ಅಂದರೆ ನಾನೂ ಮಾಡಿಸುತ್ತಿದ್ದೆ. ಒಂದು ಅನುಮಾನ. ಕೊರೊನಾ ಹೊತ್ತಿನಲ್ಲಿ ಹಡಗಲ್ಲೇ ಸಿಕ್ಕಿಹಾಕಿಕೊಂಡಿದ್ದರಲ್ಲ, ಹಾಗಾದರೆ?

ಸಕಲೇಶಪುರ ಏಲಕ್ಕಿ

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ನಿಲ್ಲಿಸಿದ್ದರು. 3,700 ಜನರಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು. ನಮ್ಮ ದೇಶದವರು 138 ಮಂದಿ ಅದರಲ್ಲಿದ್ದರು, ಹೆಚ್ಚಿನವರು ಕೆಲಸಗಾರರು. ಆ ದಿನಗಳಲ್ಲಿ ಹಡಗಿನಲ್ಲಿದ್ದ ಮಕ್ಕಳ ಫೋನಿಗಾಗಿ ಎಷ್ಟು ಮನೆಯವರು ಕಾದು ಕೂತಿದ್ದರು. ನನಗೆ ಇವತ್ತಿಗೂ ಅದನ್ನು ನೆನೆದರೆ ಸಂಕಟ. ಸಾಂಕ್ರಾಮಿಕ ರೋಗ ಬಂದರೆ ವಿಮೆಯವರು ಚಿಕಿತ್ಸೆಯ ಖರ್ಚು ಕೊಡುತ್ತಾರಾ, ಕ್ವಾರಂಟೈನ್ ಹೋಟೆಲ್ ಖರ್ಚು ಕೊಡುತ್ತಾರಾ ಅನ್ನುವುದು ಎರಡು ಬೇರೆ ಪ್ರಶ್ನೆ. ಎರಡನ್ನೂ ಕೇಳಿ.

ಆಲ್ದೂರು ತೋಟ

ನಿನ್ನೆ ಸಂಜೆ ಎಲ್ಲರೂ ಕೂತು ಮಾತಾಡಿದೆವು. ವಿಮೆ ಮಾಡಿಸುತ್ತೇವೆ. ಏಜೆಂಟ್ ತೋರಿಸಿದ್ದರಲ್ಲಿ ಮೊದಲೇ ಇದ್ದ ಕಾಯಿಲೆಗೆ ಏನೂ ಇರಲಿಲ್ಲ, ಅದನ್ನು ಬಿಟ್ಟೆವು. ಅಪ್ಪನಿಗೆ ಬೇರೆ ಪಾಲಿಸಿ, ನಮಗೆ ಮೂವರಿಗೆ ಸಾಧಾರಣದ್ದು. ಹಿಂದಿನ ದಿನವೇ ಸಿಂಗಪುರಕ್ಕೆ ಹೋಗುತ್ತೇವೆ ಅಂತ ಏಜೆಂಟ್‌ಗೂ ಹೇಳಿದೆ. ಅಪ್ಪನಿಗೆ 50,000 ಡಾಲರ್ ಸಾಕಾ, ಒಂದು ಲಕ್ಷ ಬೇಕಾ? ಕ್ಲೇಮ್ ಕೊಡದೆ ಸತಾಯಿಸಿದರೆ ಎಲ್ಲಿಗೆ ಹೋಗಬೇಕು?

ಹಾಸನ ನಿವೃತ್ತ

ಒಂದು ಲಕ್ಷ ತೆಗೆದುಕೊಳ್ಳಿ, ಪ್ರೀಮಿಯಂ ದುಪ್ಪಟ್ಟು ಆಗುವುದಿಲ್ಲ. ಆದರೆ ದೊಡ್ಡ ಮೊತ್ತ ನೋಡಿ ಸಮಾಧಾನ ಪಡಬೇಡಿ. 60 ದಾಟಿದವರಿಗೆ ರೂಮ್ ಬಾಡಿಗೆ, ಐಸಿಯು, ಆಪರೇಷನ್ ಒಂದೊಂದಕ್ಕೂ ಒಳಮಿತಿ ಹಾಕಿರುವ ಪಾಲಿಸಿಗಳಿವೆ. ಒಳಮಿತಿ ಇಲ್ಲದ 50,000, ಒಳಮಿತಿ ಇರುವ ಲಕ್ಷಕ್ಕಿಂತ ಎಷ್ಟೋ ವಾಸಿ.

ತಕರಾರು ಬಂದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದುಕೊಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದಾಖಲಿಸಬಹುದು, 155255ಕ್ಕೆ ಫೋನ್ ಮಾಡಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿಯ ಕಚೇರಿ ಇದೆ. ಫೀಸು ಇಲ್ಲ, ವಕೀಲರು ಬೇಡ. 50 ಲಕ್ಷದವರೆಗಿನ ತಕರಾರು ಅವರು ನೋಡುತ್ತಾರೆ. ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು.

ಆದರೆ ಕಾಗದ ಸರಿ ಇದ್ದರೆ ಅಷ್ಟು ದೂರ ಹೋಗುವ ಪ್ರಸಂಗ ಕಡಿಮೆ. ಆಸ್ಪತ್ರೆಗೆ ಸೇರಿಸಿದ ಕೂಡಲೇ ಪಾಲಿಸಿಯಲ್ಲಿರುವ 24 ಗಂಟೆಯ ಸಹಾಯ ನಂಬರ್‌ಗೆ ಫೋನ್ ಮಾಡಿ. ಹಡಗಿನ ಬಿಲ್, ಡಾಕ್ಟರ್ ಬರೆದದ್ದು, ದುಡ್ಡು ಕಟ್ಟಿದ ರಸೀದಿ, ಬೋರ್ಡಿಂಗ್ ಪಾಸ್, ಒಂದನ್ನೂ ಬಿಸಾಡಬೇಡಿ. ಹಡಗಿನಿಂದ ಇಳಿಯುವ ಮುಂಚೆಯೇ ಸಹಿ, ಸೀಲು ಹಾಕಿಸಿಕೊಳ್ಳಿ. ಆಮೇಲೆ ಸಮುದ್ರದಲ್ಲಿರುವ ಡಾಕ್ಟರನ್ನು ಇಲ್ಲಿಂದ ಹಿಡಿಯುವುದು ಬಹಳ ಕಷ್ಟ.

ಹಾಸನ ಸಿಸ್ಟರ್

ಹೊರಡುವ ಮುಂಚೆ ಅಪ್ಪನನ್ನು ಹೃದಯದ ಡಾಕ್ಟರ್ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ. ಪ್ರಯಾಣಕ್ಕೆ ಅಡ್ಡಿ ಇಲ್ಲ ಅಂತ ಒಂದು ಪತ್ರ, ಹೊಸ ಇಸಿಜಿಯ ಪ್ರತಿ, ಮಾತ್ರೆಗಳ ರಾಸಾಯನಿಕ ಹೆಸರು ಬರೆದ ಚೀಟಿ ತೆಗೆದುಕೊಳ್ಳಿ. ಬ್ರ್ಯಾಂಡ್ ಹೆಸರು ಹೇಳಿದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮಾತ್ರೆ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸ್ ಹಡಗು ಹತ್ತುವಾಗ ಅವರ ಕೈಗೆ ಹೋಗಿ ರೂಮಿಗೆ ಬರಲು ಗಂಟೆಗಟ್ಟಲೆ ಆಗುತ್ತದೆ. ನಾಲ್ಕೈದು ದಿನದ ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ. ಪಾಲಿಸಿ ಪತ್ರದ ಒಂದು ಪ್ರತಿ ಅತ್ತೆಯ ಹತ್ತಿರವೂ ಇರಲಿ. ಸಮುದ್ರದ ನಡುವೆ ನಿಮ್ಮ ಫೋನ್ ಸಿಗದಿದ್ದರೆ, ಅವರು ಇಲ್ಲಿಂದ ವಿಮಾ ಕಂಪನಿಗೆ ಫೋನ್ ಮಾಡಲು ಆಗುತ್ತದೆ.